ಚಿಪ್ಸ್ ಕಡಿಮೆ ಇರುವಾಗ ಡ್ರಾ: ಕಾಯಬೇಕೇ, ನುಗ್ಗಬೇಕೇ?

ಪ್ರಶ್ನೆ: ನಾನು ಟೆಕ್ಸಸ್ ಹೋಲ್ಡೆಮ್ (ಒಂದು ಬಗೆಯ ಪೋಕರ್) ಟೂರ್ನಮೆಂಟ್‌ಗಳನ್ನು ಆಡುತ್ತೇನೆ. ಇತ್ತೀಚೆಗೆ ಒಂದರಲ್ಲಿ ಬ್ಲೈಂಡ್ (ಎಲೆ ನೋಡುವ ಮುನ್ನವೇ ಇಬ್ಬರು ಕಟ್ಟಲೇಬೇಕಾದ ಮೊತ್ತ) 1,000–2,000, ದೊಡ್ಡದನ್ನು ಅಂದರೆ ಬಿಗ್ ಬ್ಲೈಂಡ್ ಹಾಕುವವನೇ ಕಟ್ಟುವ ಆಂಟೆ (ಹೆಚ್ಚುವರಿ ಮೊತ್ತ) 2,000 ಇದ್ದ ಹಂತದಲ್ಲಿ ನನ್ನ ಬಳಿ 28,000 ಚಿಪ್ಸ್ ಉಳಿದಿದ್ದವು. ನಡುವಿನ ಸ್ಥಾನದ ಆಟಗಾರನೊಬ್ಬ 4,500ಕ್ಕೆ ರೈಸ್ ಮಾಡಿದ (ಪಣ ಏರಿಸಿದ). ಅವನ ಬಳಿ ನನ್ನ ಎರಡು ಪಟ್ಟಿಗಿಂತ ಹೆಚ್ಚು ಚಿಪ್ಸ್ ಇದ್ದವು. ಬಟನ್‌ನಲ್ಲಿದ್ದ (ಫ್ಲಾಪ್ ನಂತರ ಕೊನೆಗೆ ಆಡುವ ಸ್ಥಾನ) ನಾನು ಆಟೀನ್ 8, ಆಟೀನ್ 7 ಹಿಡಿದು ಕಾಲ್ ಮಾಡಿದೆ (ಅವನಷ್ಟೇ ಹಾಕಿದೆ); ಉಳಿದವರು ಬಿಟ್ಟರು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಆಟೀನ್ ರಾಜ, ಆಟೀನ್ 6, ಕಳಾವರ್ 2 ಬಂದವು. ಅವನು 5,000 ಬೆಟ್ ಕಟ್ಟಿದ, ನಾನು ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಇಸ್ಪೀಟ್ ಗುಲಾಮ. ಅವನು 12,000 ಕಟ್ಟಿದ, ನಾನು ಫೋಲ್ಡ್ ಮಾಡಿದೆ (ಎಲೆ ಬಿಟ್ಟೆ). ಟರ್ನ್‌ನಲ್ಲಿ ಕಾಲ್ ಮಾಡಬೇಕಿತ್ತೇ? ಇಷ್ಟು ಕಡಿಮೆ ಚಿಪ್ಸ್ ಇರುವಾಗ ಡ್ರಾ (ಬೇಕಾದ ಎಲೆ ಬಂದರಷ್ಟೇ ಗಟ್ಟಿಯಾಗುವ ಅಪೂರ್ಣ ಕೈ) ಆಡಲೇಬಾರದೇ? ಬಹುಮಾನದ ಹಂತ ಹತ್ತಿರವಿದ್ದರೆ ಲೆಕ್ಕ ಬದಲಾಗುತ್ತದೆಯೇ?

ಉತ್ತರ: ಟರ್ನ್‌ನಲ್ಲಿ ನೀವು ಫೋಲ್ಡ್ ಮಾಡಿದ್ದು ಸರಿ. ಆಗ ಪಾಟ್‌ನಲ್ಲಿ (ನಡುವೆ ಸೇರಿದ ಪಣದ ರಾಶಿ) 36,000 ಇತ್ತು, ನೀವು ಹಾಕಬೇಕಿದ್ದುದು 12,000. ಸೇರಿಸಿದರೆ 48,000, ಅದರ ಕಾಲುಭಾಗ ನಿಮ್ಮದು. ಹಾಗಾಗಿ ಕನಿಷ್ಠ ಶೇ. 25ರಷ್ಟು ಸಲ ಗೆಲ್ಲಬೇಕು. ನೀವು ಕಾಯುತ್ತಿದ್ದುದು ಫ್ಲಶ್‌ಗೆ, ಅಂದರೆ ಐದೂ ಆಟೀನ್ ಆಗುವುದಕ್ಕೆ; ನೀವು ಕಾಣದ 46 ಎಲೆಗಳಲ್ಲಿ ಆಟೀನ್ ಒಂಬತ್ತು, ಅಂದರೆ ಶೇ. 19.6. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಆಟೀನ್ ಬಂದರೆ ನಿಮ್ಮ ಉಳಿದ 6,500ಕ್ಕೂ ಅವನು ಕಣ್ಣು ಮುಚ್ಚಿ ಕಾಲ್ ಮಾಡುತ್ತಾನೆ ಎಂದೇ ಇಟ್ಟುಕೊಳ್ಳಿ. ಆಗಲೂ ಆ ಕಾಲ್ ಸರಾಸರಿ 1,300 ಚಿಪ್ಸ್‌ಗೂ ಹೆಚ್ಚು ನಷ್ಟದ್ದು. ಕಾಲ್ ಬದಲು ಆಲ್-ಇನ್ ಹೋಗಿದ್ದರೆ, ಅಂದರೆ ಇದ್ದ ಚಿಪ್ಸ್ ಎಲ್ಲ ಹಾಕಿದ್ದರೆ? 54,500 ಇರುವ ಪಾಟ್‌ಗಾಗಿ ಅವನು ಇನ್ನು 6,500 ಹಾಕಿದರೆ ಸಾಕಿತ್ತು. ಆ ಬೆಲೆಗೆ ಯಾರೂ ಎಲೆ ಬಿಸಾಡುವುದಿಲ್ಲ. ಎಲ್ಲ ದಾರಿಗಳೂ ಮುಚ್ಚಿದ ಮೇಲೆ ನೀವು ಸರಿಯಾದ ತೀರ್ಮಾನ ತೆಗೆದುಕೊಂಡಿರಿ. ಅವು ಮುಚ್ಚಿಕೊಂಡದ್ದು ಫ್ಲಾಪ್‌ನಲ್ಲಿ ನೀವು ಮಾಡಿದ ಕಾಲ್‌ನಿಂದ.

ಅಲ್ಲಿಗೆ ಹೋಗುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಬಹಳ ಮಂದಿ ಇದನ್ನು ತಲೆಕೆಳಗಾಗಿ ಹಿಡಿದಿರುತ್ತಾರೆ. ಡ್ರಾ ಸಿಕ್ಕಿದೆ ಎಂದರೆ ಎಲೆ ಬರುವವರೆಗೆ ಅಗ್ಗದಲ್ಲಿ ಕಾಯಬೇಕು, ಬಂದರೆ ದೊಡ್ಡದಾಗಿ ವಸೂಲು ಮಾಡಬೇಕು ಎಂಬುದು ರಾಶಿ ಚಿಪ್ಸ್ ಇರುವವರ ಆಟ. ವಸೂಲು ಮಾಡುವುದಕ್ಕೆ ನಿಮ್ಮ ಮುಂದೆಯೂ ಚಿಪ್ಸ್ ಇರಬೇಕಲ್ಲ? 14 ಬಿಗ್ ಬ್ಲೈಂಡ್ ಇರುವವನಿಗೆ ಫ್ಲಶ್ ಕೂಡಿದರೂ ಸಿಗುವುದು ಉಳಿದ ನಾಲ್ಕಾರು ಬ್ಲೈಂಡ್ ಅಷ್ಟೆ. ಆದ್ದರಿಂದ ಶಾರ್ಟ್ ಸ್ಟ್ಯಾಕ್‌ನಲ್ಲಿ (ಚಿಪ್ಸ್ ಕಡಿಮೆ ಇರುವಾಗ) ಡ್ರಾದ ಬೆಲೆಯ ದೊಡ್ಡ ಪಾಲು ಎಲೆ ಬರುವುದಕ್ಕೆ ಮೊದಲೇ ಇದೆ: ನೀವು ಆಲ್-ಇನ್ ಎಂದಾಗ ಎದುರಾಳಿ ಬಿಟ್ಟುಹೋಗುವ ಸಾಧ್ಯತೆಯಲ್ಲಿ. ಇದಕ್ಕೆ ಫೋಲ್ಡ್ ಈಕ್ವಿಟಿ ಎನ್ನುತ್ತೇವೆ. ಅವನು ಬಿಡದಿದ್ದರೆ ಬೀಳುವ ಪೆಟ್ಟನ್ನು ತಗ್ಗಿಸುವುದಕ್ಕೆ ಆ ಒಂಬತ್ತು ಆಟೀನ್‌ಗಳು ಇವೆ. ಕಾಲ್ ಮಾಡುವವನ ಕೈಯಲ್ಲಿ ಎರಡನೆಯದು ಮಾತ್ರ ಉಳಿಯುತ್ತದೆ, ಅದೂ ಅರ್ಧ.

ಈಗ ನಿಮ್ಮ ಫ್ಲಾಪ್. ಪಾಟ್ 14,000, ಅವನ ಬೆಟ್ 5,000, ಸೇರಿ 19,000. ನಿಮ್ಮ ಮುಂದೆ 23,500. ಪೂರ್ತಿ ತಳ್ಳಿದ್ದರೆ ಅವನು ಕಾಲ್ ಮಾಡಲು ಇನ್ನೂ 18,500 ಹಾಕಬೇಕಿತ್ತು. ಬಿಟ್ಟರೆ 19,000 ನಿಮ್ಮದು. ಕಾಲ್ ಮಾಡಿ ಒಂದು ರಾಜನ ಜೋಡಿ ತೋರಿಸಿದ ಎಂದುಕೊಳ್ಳಿ. ಇನ್ನೂ ಎರಡು ಎಲೆ ಬಾಕಿ ಇರುವುದರಿಂದ ನಿಮ್ಮ ಗೆಲುವಿನ ಸಾಧ್ಯತೆ ಸುಮಾರು ಶೇ. 35. ಒಟ್ಟು ಪಾಟ್ 61,000; ಅದರಲ್ಲಿ ನಿಮ್ಮ ಪಾಲು 21,350. ಹಾಕಿದ್ದು 23,500. ಹಿಡಿಸಿಕೊಂಡಾಗಲೂ ಸರಾಸರಿ ನಷ್ಟ 2,150 ಮಾತ್ರ!

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವನು ಬಿಟ್ಟಾಗ 19,000 ಲಾಭ, ಹಿಡಿದಾಗ 2,150 ನಷ್ಟ. ಹತ್ತು ಸಲದಲ್ಲಿ ಒಂದು ಸಲ ಅವನು ಬಿಟ್ಟರೂ ಲೆಕ್ಕ ಸರಿಹೋಗುತ್ತದೆ. ನಾಲ್ಕು ಸಲ ಬಿಟ್ಟರೆ ನಿಮಗೆ ಸರಾಸರಿ 6,300 ಚಿಪ್ಸ್ ಲಾಭ, ಅಂದರೆ ಮೂರು ಬಿಗ್ ಬ್ಲೈಂಡ್‌ಗೂ ಹೆಚ್ಚು. 14 ಬ್ಲೈಂಡ್ ಇರುವವರಿಗೆ ಅದು ಚಿಲ್ಲರೆ ಮೊತ್ತವಲ್ಲ. ಅವನ ಕೈಯಲ್ಲಿ ಮೂರು ಆರು ಇದ್ದು, ಅದೊಂದರ ಎದುರೇ ಸಿಕ್ಕಿಬೀಳುತ್ತೀರಿ ಎಂಬ ಕೆಟ್ಟ ಊಹೆ ಮಾಡಿದರೂ, ನಿಮ್ಮ ಸಾಧ್ಯತೆ ಶೇ. 25ಕ್ಕೆ ಇಳಿದು, ಅವನು ಸುಮಾರು ಶೇ. 30ರಷ್ಟು ಸಲ ಬಿಟ್ಟರೆ ಸಾಕಾಗುತ್ತದೆ.

ಅವನು ಅಷ್ಟು ಸಲ ಬಿಡುತ್ತಾನೆಯೇ? ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪ್‌ನಲ್ಲಿ ಕನಿಷ್ಠ ಒಂದು ಜೋಡಿಯಾದರೂ ಕೂಡುವುದು ಮೂರು ಸಲಕ್ಕೆ ಒಂದು ಸಲ. ಮೊದಲು ರೈಸ್ ಮಾಡಿದವನು ರಾಜನಿರುವ ಫ್ಲಾಪ್‌ನಲ್ಲಿ ಪಾಟ್‌ನ ಮೂರನೇ ಒಂದರಷ್ಟು ಬೆಟ್ ಕಟ್ಟುವುದು ರೂಢಿ. ಅದರಲ್ಲಿ ಎಕ್ಕ-ರಾಣಿ, ಹತ್ತರ ಜೋಡಿ, ಎಕ್ಕ-ಐದು ಎಲ್ಲವೂ ಇರುತ್ತವೆ. ಹತ್ತರ ಜೋಡಿ ಹಿಡಿದವನು 18,500 ಹಾಕುವ ಮುನ್ನ ಬಹಳ ಯೋಚಿಸುತ್ತಾನೆ. ಎಕ್ಕ-ರಾಣಿ ಹಿಡಿದವನು ಸಾಮಾನ್ಯವಾಗಿ ಬಿಡುತ್ತಾನೆ. ಬಿಡದಿದ್ದರೆ ನಿಮಗೆ ಆಟೀನ್ ಜೊತೆಗೆ ಎಂಟು, ಏಳುಗಳೂ ಗೆಲುವು ತರುವುದರಿಂದ ನೀವೇ ಸ್ವಲ್ಪ ಮುಂದೆ.

ನೀವು ಮಾಡಿದ ಕಾಲ್‌ನ ಬೆಲೆಯನ್ನೂ ನೋಡೋಣ. 24,000ಕ್ಕಾಗಿ 5,000, ಅಂದರೆ ಶೇ. 20.8 ಬೇಕು. ಟರ್ನ್ ಒಂದರಲ್ಲೇ ಆಟೀನ್ ಬರುವ ಸಾಧ್ಯತೆ 47ರಲ್ಲಿ 9, ಶೇ. 19.1. ಮೇಲ್ನೋಟಕ್ಕೆ ದುಬಾರಿಯೇನಲ್ಲ, ಮೋಸಹೋಗುವುದೂ ಇಲ್ಲಿಯೇ. ಶೇ. 35 ಎಂಬುದು ಎರಡು ಎಲೆಗಳನ್ನೂ ನೋಡುವವನ ಅಂಕಿ. ನೀವು ಒಂದಕ್ಕೆ ಮಾತ್ರ ಹಣ ಕೊಟ್ಟಿರಿ. ಐದರಲ್ಲಿ ನಾಲ್ಕು ಸಲ ಆ ಎಲೆ ಬರುವುದಿಲ್ಲ. ಬರದಿದ್ದಾಗ ಅವನು ಇನ್ನೊಂದು ಬೆಟ್ ಕಟ್ಟಿದರೆ ನಿಮ್ಮ ಉಳಿದ ಅರ್ಧ ಸಾಧ್ಯತೆ ಮಾರಾಟವಾದಂತೆಯೇ. ಆಲ್-ಇನ್ ಹೋದವನಿಗೆ ಈ ಭಯವಿಲ್ಲ. ಅವನನ್ನು ಇನ್ನು ಯಾರೂ ಬೆಟ್ ಕಟ್ಟಿ ಓಡಿಸಲಾರರು, ಎರಡು ಎಲೆಗಳೂ ಅವನವೇ.

ಅರ್ಧಂಬರ್ಧ ರೈಸ್ ಕೂಡ ಬೇಡ. 12,000ಕ್ಕೆ ರೈಸ್ ಮಾಡಿ 11,500 ಹಿಂದೆ ಉಳಿಸಿಕೊಂಡೆವೆಂದು ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅವನು ಆಲ್-ಇನ್ ಎಂದರೆ 61,000 ಆಗಲಿರುವ ಪಾಟ್‌ಗೆ ನೀವು 11,500 ಕೊಡಬೇಕು, ಅದು ಶೇ. 19ಕ್ಕಿಂತ ಕಡಿಮೆ. ಕೊಡಲೇಬೇಕು. ಹೇಗೂ ಕೊಡಲೇಬೇಕಾದ ಚಿಪ್ಸ್‌ಗಳನ್ನು ಮೊದಲೇ ಹಾಕಿದ್ದರೆ ಅವು ಅವನನ್ನು ಹೆದರಿಸುವ ಕೆಲಸವನ್ನಾದರೂ ಮಾಡುತ್ತಿದ್ದವು.

ಇದೇ ತರ್ಕವನ್ನು ಎಲ್ಲ ಗಾತ್ರಗಳಿಗೂ ಹಚ್ಚಬೇಡಿ. ಅದೇ ಫ್ಲಾಪ್, ಅದೇ 19,000; ನಿಮ್ಮಿಬ್ಬರ ಮುಂದೆಯೂ 80,000 ಇದೆ ಎಂದುಕೊಳ್ಳಿ. 80,000 ತಳ್ಳಿದರೆ, ಶೇ. 35 ಸಾಧ್ಯತೆಯಲ್ಲೂ ಅವನು ಅರ್ಧಕ್ಕರ್ಧ ಸಲ ಬಿಡಬೇಕು. ಅಷ್ಟು ದೊಡ್ಡ ಮೊತ್ತಕ್ಕೆ ಮೂರು ಆರು, ಮೂರು ಎರಡು ಹಿಡಿದವರಷ್ಟೇ ಕಾಲ್ ಮಾಡುವುದಾದರೆ ಮೂರರಲ್ಲಿ ಎರಡು ಸಲ ಬಿಡಬೇಕು. ಅಲ್ಲಿ ಕಾಲ್ ಮಾಡಿ ಕಾಯುವುದೇ ಜಾಣತನ. ಇನ್ನೊಂದು ತುದಿಯಲ್ಲಿ, ಪಾಟ್ 14,000 ಇದ್ದು ನಿಮ್ಮ ಬಳಿ 6,000 ಮಾತ್ರ ಉಳಿದಿದ್ದರೆ, ಎದುರಾಳಿಯನ್ನು ಓಡಿಸುವ ಮಾತೇ ಇಲ್ಲ. ಆಗ ಬೆಲೆ ಮಾತ್ರ ನೋಡಿ: 26,000ಕ್ಕೆ 6,000 ಎಂದರೆ ಶೇ. 23. ಫ್ಲಶ್ ಡ್ರಾ ಸರಿ, ಎರಡೂ ತುದಿ ತೆರೆದ ಸ್ಟ್ರೇಟ್ (ಅನುಕ್ರಮವಾಗಿ ಐದು ಎಲೆ) ಡ್ರಾ ಶೇ. 31.5, ಅದೂ ಸರಿ. ನಡುವೆ ಒಂದೇ ಎಲೆ ಬೇಕಿರುವ ಗಟ್‌ಶಾಟ್ ಶೇ. 16.5; ಅದನ್ನು ಬಿಡಿ.

ನನ್ನ ಮಟ್ಟಿಗೆ ಡ್ರಾ ಹಿಡಿದು ನುಗ್ಗಲು ಪ್ರಶಸ್ತವಾದ ಜಾಗ ಈ ಎರಡು ತುದಿಗಳ ನಡುವಿನದು: ಉಳಿದ ಚಿಪ್ಸ್ ಫ್ಲಾಪ್‌ನ ಪಾಟ್‌ನಷ್ಟಕ್ಕೂ ಅದರ ಎರಡರಷ್ಟಕ್ಕೂ ನಡುವೆ ಇರಬೇಕು. ನಿಮ್ಮದು 14,000ಕ್ಕೆ 23,500. ಇದಕ್ಕಿಂತ ಒಳ್ಳೆಯ ಅಳತೆ ಅಪರೂಪ. ಅದಕ್ಕೇ ಆ ಕಾಲ್ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಒಂದು ಎಚ್ಚರಿಕೆ ಇದೆ. ಮೇಲಿನ ಎಲ್ಲ ಲೆಕ್ಕವೂ ಎದುರಾಳಿ ಬಿಡಬಲ್ಲವನು ಎಂಬ ನಂಬಿಕೆಯ ಮೇಲೆ ನಿಂತಿದೆ. ಯಾವ ಜೋಡಿ ಸಿಕ್ಕರೂ ಬಿಡದೆ ಕೊನೆಯ ತನಕ ಕಾಲ್ ಮಾಡುವವರು ಪ್ರತಿ ಮೇಜಿನಲ್ಲೂ ಇರುತ್ತಾರೆ. ಅವರ ಮುಂದೆ ಧೈರ್ಯ ತೋರಿಸಿ ಪ್ರಯೋಜನವಿಲ್ಲ, ಬೆಲೆ ಸರಿಯಿದ್ದರೆ ಕಾಲ್ ಮಾಡಿ, ಇಲ್ಲದಿದ್ದರೆ ಬಿಡಿ. ಎದುರಾಳಿಯೇ ಎಂಟು ಬ್ಲೈಂಡ್ ಇಟ್ಟುಕೊಂಡು ಅದರಲ್ಲಿ ಮೂರು ಆಗಲೇ ಹಾಕಿದ್ದರೆ ಅವನೂ ಬಿಡುವುದಿಲ್ಲ. ಫ್ಲಾಪ್‌ನಲ್ಲಿ ಮೂವರಿದ್ದರೆ ಇಬ್ಬರೂ ಬಿಡಬೇಕಾಗುತ್ತದೆ; ಆಗ ಎಕ್ಕದ ಫ್ಲಶ್ ಡ್ರಾದಂಥ ಗಟ್ಟಿ ಕೈಗಳಿಗೆ ಮಾತ್ರ ನಾನು ನುಗ್ಗು ಎನ್ನುತ್ತೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಷ್ಟು ಚಿಪ್ಸ್ ಇರುವಾಗ ಡ್ರಾ ಆಡಲೇಬಾರದೆಂದಿಲ್ಲ, ಆದರೆ ಡ್ರಾ ಸಿಗಲಿ ಎಂದು ಫ್ಲಾಪ್‌ಗೆ ಮುಂಚೆ ಹಣ ಸುರಿಯಬಾರದು. ಬಟನ್‌ನಲ್ಲಿ ನೀವು ಹಾಕಿದ 4,500 ನಿಮ್ಮ ಆಸ್ತಿಯ ಶೇ. 16. ಒಂದೇ ಬಣ್ಣದ (ಎರಡೂ ಆಟೀನ್ ಎಂಬಂತೆ) ಎರಡು ಎಲೆಗಳಿಗೆ ಫ್ಲಾಪ್‌ನಲ್ಲಿ ಫ್ಲಶ್ ಡ್ರಾ ಸಿಗುವುದು ಒಂಬತ್ತು ಸಲಕ್ಕೆ ಒಮ್ಮೆ. ಕೂಡಿದ ಫ್ಲಶ್ಶೇ ಬರುವುದು ನೂರರಲ್ಲಿ ಒಂದು ಸಲವೂ ಇಲ್ಲ. ಸ್ಟ್ರೇಟ್ ಡ್ರಾಗಳನ್ನು ಸೇರಿಸಿದರೂ ಹೆಚ್ಚಿನ ಸಲ ನೀವು ಏನೂ ಸಿಗದೆ ಫೋಲ್ಡ್ ಮಾಡಿ, 12ಕ್ಕೂ ಕಡಿಮೆ ಬ್ಲೈಂಡ್‌ಗೆ ಇಳಿದು, ಮುಂದಿನ ಕೈಗಳಲ್ಲಿ ಯಾರನ್ನೂ ಹೆದರಿಸುವ ಶಕ್ತಿ ಕಳೆದುಕೊಂಡಿರುತ್ತೀರಿ. ಸಣ್ಣ ಜೋಡಿಗಳ ಕಥೆಯೂ ಇದೇ. ಐದರ ಜೋಡಿಗೆ ಮೂರನೇ ಐದು ಫ್ಲಾಪ್‌ನಲ್ಲಿ ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಅದಕ್ಕಾಗಿ ಆರನೇ ಒಂದು ಭಾಗ ಚಿಪ್ಸ್ ಕಟ್ಟುವುದು ಸಲ್ಲದು.

ಹಾಗಾದರೆ ಬಟನ್‌ನಲ್ಲೇ ಆಲ್-ಇನ್ ಹೋಗಬಹುದಿತ್ತೇ? ಪಾಟ್‌ನಲ್ಲಿ ಆಗ 9,500 ಇತ್ತು. ಕಾಲ್ ಮಾಡುವವರ ಕೈಗಳ ಎದುರು 8–7ಕ್ಕೆ ಸುಮಾರು ಮೂರನೇ ಒಂದು ಸಾಧ್ಯತೆ: ಎಕ್ಕ-ರಾಜನ ಎದುರು ಶೇ. 41ರಷ್ಟು, ಎಕ್ಕದ ಜೋಡಿಯ ಎದುರು ಶೇ. 23ರಷ್ಟು. ಈ ಲೆಕ್ಕದಲ್ಲಿ ಅವನು ಶೇ. 45ರಷ್ಟು ಸಲ ಬಿಡಬೇಕು, ನಿಮ್ಮ ಹಿಂದೆ ಕೂತ ಇಬ್ಬರೂ ಸುಮ್ಮನಿರಬೇಕು. ಫ್ಲಾಪ್‌ನಲ್ಲಿ ಬೇಕಿದ್ದ ಶೇ. 10ರ ಜೊತೆ ಹೋಲಿಸಿ ನೋಡಿ. ಅವನು ಸಿಕ್ಕಸಿಕ್ಕ ಎಲೆಗೆಲ್ಲ ರೈಸ್ ಮಾಡುವವನಾಗಿದ್ದರೆ ನುಗ್ಗಬಹುದು, ಇಲ್ಲದಿದ್ದರೆ ನಾನು ಫೋಲ್ಡ್ ಮಾಡುತ್ತೇನೆ. ಇಂಥ ಜಾಗದಲ್ಲಿ ನನಗೆ 8–7ಕ್ಕಿಂತ ಒಂದೇ ಬಣ್ಣದ ಎಕ್ಕ-ಐದು ಹೆಚ್ಚು ಇಷ್ಟ. ನಿಮ್ಮ ಕೈಯಲ್ಲೊಂದು ಎಕ್ಕ ಇದ್ದರೆ ಎದುರಾಳಿಗೆ ಎಕ್ಕದ ಜೋಡಿ ಬರುವ ಆರು ವಿಧಗಳು ಮೂರಕ್ಕೆ, ಎಕ್ಕ-ರಾಜ ಬರುವ ಹದಿನಾರು ವಿಧಗಳು ಹನ್ನೆರಡಕ್ಕೆ ಇಳಿಯುತ್ತವೆ. ಅವನು ಬಿಡುವ ಸಾಧ್ಯತೆ ಅಷ್ಟರಮಟ್ಟಿಗೆ ಹೆಚ್ಚು.

ಅದೇ ಆಟೀನ್ 8–7 ಬಿಗ್ ಬ್ಲೈಂಡ್‌ನಲ್ಲಿ ಬಂದಿದ್ದರೆ ಮಾತೇ ಬೇರೆ. 2,000 ಆಗಲೇ ಹಾಕಿದ್ದೀರಿ, ಇನ್ನು 2,500 ಸಾಕು. ಅದು 12,000 ಆಗುವ ಪಾಟ್‌ಗೆ ಶೇ. 20.8. ಹಿಂದೆ ಯಾರೂ ಇಲ್ಲ. ಖಂಡಿತ ಕಾಲ್ ಮಾಡಿ. ಫ್ಲಾಪ್‌ನಲ್ಲಿ ಡ್ರಾ ಸಿಕ್ಕರೆ ಚೆಕ್ ಮಾಡಿ (ಬೆಟ್ ಕಟ್ಟದೆ ಸರದಿ ದಾಟಿಸಿ), ಅವನು ರೂಢಿಯ ಬೆಟ್ ಕಟ್ಟಲಿ, ಆಮೇಲೆ ಆಲ್-ಇನ್ ಹೇಳಿ. ಅವನ ಬೆಟ್ ಕೂಡ ಪಾಟ್‌ಗೆ ಸೇರಿರುತ್ತದೆ, ಕೊನೆಯ ಮಾತು ನಿಮ್ಮದಾಗಿರುತ್ತದೆ. ಅವನೂ ಚೆಕ್ ಮಾಡಿದರೆ ಒಂದು ಎಲೆ ಪುಕ್ಕಟೆ ಸಿಕ್ಕಿತು.

ಔಟ್‌ಗಳನ್ನು, ಅಂದರೆ ಬಂದರೆ ನಿಮ್ಮನ್ನು ಗೆಲ್ಲಿಸುವ ಎಲೆಗಳನ್ನು, ಎಣಿಸುವಾಗ ಆಸೆಬುರುಕರಾಗಬೇಡಿ. ಫ್ಲಾಪ್‌ನಲ್ಲಿ ಔಟ್‌ಗಳನ್ನು ನಾಲ್ಕರಿಂದ, ಟರ್ನ್‌ನಲ್ಲಿ ಎರಡರಿಂದ ಗುಣಿಸುವ ಸೂತ್ರ ನಿಮಗೆ ಗೊತ್ತಿರಬಹುದು. ಒಂಬತ್ತಕ್ಕೆ ಅದು 36 ಕೊಡುತ್ತದೆ, ನಿಜವಾದದ್ದು 35, ಸರಿಯೇ. ಹದಿನೈದಕ್ಕೆ 60 ಕೊಡುತ್ತದೆ, ನಿಜವಾದದ್ದು 54. ಆದ್ದರಿಂದ ಎಂಟಕ್ಕಿಂತ ಹೆಚ್ಚಾದ ಪ್ರತಿ ಔಟ್‌ಗೂ ಒಂದನ್ನು ಕಳೆಯಿರಿ. 60ರಿಂದ 7 ಹೋದರೆ 53, ಸಾಕಷ್ಟು ಹತ್ತಿರ. ಇನ್ನು ಎಣಿಕೆಗೆ ಬಂದ ಎಲೆಗಳೆಲ್ಲ ನಿಮ್ಮವೇ ಆಗಿರುವುದಿಲ್ಲ. ಫ್ಲಾಪ್‌ನಲ್ಲಿ ಎರಡು ಆಟೀನ್ ಇರುವಾಗ ನಿಮ್ಮದು ಆಟೀನ್ ಇಲ್ಲದ ಸ್ಟ್ರೇಟ್ ಡ್ರಾ ಆದರೆ, ಎಂಟು ಔಟ್‌ಗಳಲ್ಲಿ ಆಟೀನ್ ಆಗಿರುವ ಎರಡು ಬೇರೊಬ್ಬನಿಗೆ ಫ್ಲಶ್ ಕೂಡಿಸಬಹುದು. ಆಟೀನ್ ಎಕ್ಕ-ರಾಣಿ ಹಿಡಿದು ಹತ್ತು ಮೇಲಾಗಿರುವ ಫ್ಲಾಪ್‌ನಲ್ಲಿ ಹದಿನೈದು ಔಟ್ ಎಂದು ಹಿಗ್ಗುವ ಮೊದಲು, ಎದುರಾಳಿಯ ಕೈಯಲ್ಲಿ ರಾಜನ ಜೋಡಿ ಇದ್ದರೆ ರಾಣಿಯರು ಕೆಲಸಕ್ಕೆ ಬಾರರು ಎಂಬುದು ನೆನಪಿರಲಿ. ಇನ್ನೊಂದು ಕಡೆ, ನಿಮ್ಮ ಸಣ್ಣ ಫ್ಲಶ್‌ಗಿಂತ ದೊಡ್ಡ ಫ್ಲಶ್ ಇದ್ದರೆ ಎಂಬ ಭಯಕ್ಕೆ ಶಾರ್ಟ್ ಸ್ಟ್ಯಾಕ್‌ನಲ್ಲಿ ಹೆಚ್ಚು ಬೆಲೆ ಕೊಡಬೇಕಿಲ್ಲ. ಅದು ಅಪರೂಪ, ನಷ್ಟಕ್ಕೂ ಮಿತಿ ಇದೆ.

ಹದಿನೈದು ಔಟ್ ನಿಜಕ್ಕೂ ಇದ್ದಾಗ, ಅಥವಾ ಒಂದು ಜೋಡಿಯ ಜೊತೆ ಫ್ಲಶ್ ಡ್ರಾ ಇದ್ದಾಗ, ಒಂದು ಜೋಡಿಯ ಎದುರು ಅರ್ಧಕ್ಕಿಂತ ಹೆಚ್ಚು ಸಲ ನೀವೇ ಗೆಲ್ಲುತ್ತೀರಿ. ಅವನೇ ಮೊದಲು ಆಲ್-ಇನ್ ಎಂದರೂ ಹಿಂದೆ ಮುಂದೆ ನೋಡದೆ ಕಾಲ್ ಮಾಡಿ.

ಇದಕ್ಕೆ ಇರುವ ಒಂದೇ ಅಪವಾದ ನಿಮ್ಮ ಮೂರನೇ ಪ್ರಶ್ನೆಯಲ್ಲಿದೆ. ಈವರೆಗಿನದೆಲ್ಲ ಚಿಪ್ಸ್‌ಗಳ ಲೆಕ್ಕ. ಬಹುಮಾನ ಹತ್ತಿರ ಬಂದಾಗ ಕಳೆದುಕೊಳ್ಳುವ ಚಿಪ್ಸ್‌ನ ಬೆಲೆ ಗಳಿಸುವ ಚಿಪ್ಸ್‌ಗಿಂತ ಹೆಚ್ಚು. ಇದನ್ನು ಅಳೆಯುವ ಲೆಕ್ಕಕ್ಕೆ ಐಸಿಎಂ ಎನ್ನುತ್ತಾರೆ. ನಾಲ್ವರು ಉಳಿದಿದ್ದಾರೆ, ಎಲ್ಲರ ಬಳಿಯೂ ಸಮನಾದ ಚಿಪ್ಸ್, ಬಹುಮಾನ ಮೂವರಿಗೆ: ಶೇ. 50, 30, 20. ಈಗ ನಿಮ್ಮ ಪಾಲಿನ ಮೌಲ್ಯ ಒಟ್ಟು ಬಹುಮಾನದ ಶೇ. 25. ಒಬ್ಬನನ್ನು ಹೊರಗೆ ಹಾಕಿ ಚಿಪ್ಸ್ ಎರಡರಷ್ಟು ಮಾಡಿಕೊಂಡರೆ ಅದು 50 ಆಗುವುದಿಲ್ಲ, 38.3 ಆಗುತ್ತದೆ. ಆದ್ದರಿಂದ, ಪಾಟ್‌ನಲ್ಲಿ ಬೇರೆ ಚಿಪ್ಸ್ ಇಲ್ಲದಿದ್ದರೆ, ಆಲ್-ಇನ್‌ಗೆ ಕಾಲ್ ಮಾಡಲು ಶೇ. 65ರಷ್ಟು ಗೆಲುವಿನ ಸಾಧ್ಯತೆ ಬೇಕು. ಶೇ. 54ರ ಆ ಹದಿನೈದು ಔಟ್‌ಗಳ ಸುಂದರ ಡ್ರಾ ಕೂಡ ಅಲ್ಲಿ ಸಾಲದು.

ಗಮನಿಸಿ, ಇದು ಕಾಲ್ ಮಾಡುವವನ ಮೇಲೆ ಬೀಳುವ ತೆರಿಗೆ. ನೀವು ಮೊದಲು ನುಗ್ಗಿದರೆ ಅದನ್ನು ಎದುರಾಳಿ ಕಟ್ಟಬೇಕು, ಹಾಗಾಗಿ ಅವನು ಹೆಚ್ಚು ಸಲ ಬಿಡುತ್ತಾನೆ. ಆದರೆ ಅವನು ಬಿಡದಿದ್ದರೆ ನಿಮ್ಮ ನಷ್ಟವೂ ಚಿಪ್ಸ್ ಲೆಕ್ಕ ತೋರಿಸುವುದಕ್ಕಿಂತ ದೊಡ್ಡದು, ಶೇ. 10 ಬಿಟ್ಟರೆ ಸಾಕೆಂಬ ಆ ಸುಖದ ಅಂಕಿ ಅಲ್ಲಿ ನಡೆಯದು. ಎದುರಿಗಿರುವವರು ಯಾರೆಂಬುದು ಆಗ ಎಲೆಗಳಿಗಿಂತ ಮುಖ್ಯ. ನಿಮ್ಮಷ್ಟೇ ಅಥವಾ ನಿಮಗಿಂತ ತುಸು ಹೆಚ್ಚು ಚಿಪ್ಸ್ ಇರುವ ಮಧ್ಯಮದವರು ಬಹುಮಾನದ ಹೊಸ್ತಿಲಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ. ಅವರ ಬೆಟ್ ಮೇಲೆ ಫ್ಲಶ್ ಡ್ರಾ ಹಿಡಿದು ನುಗ್ಗಿ. ಮೇಜಿನಲ್ಲಿ ಅತಿ ಹೆಚ್ಚು ಚಿಪ್ಸ್ ಇರುವವನಿಗೆ ನಿಮ್ಮ 23,500 ಒಂದು ಗೀರು ಮಾತ್ರ, ಅವನು ಹತ್ತರ ಜೋಡಿಯಲ್ಲೂ ಕಾಲ್ ಮಾಡಿಬಿಡಬಲ್ಲ. ನಿಮಗಿಂತ ಕಡಿಮೆ ಚಿಪ್ಸ್ ಇರುವ ಇಬ್ಬರು ಮುಂದಿನ ಸುತ್ತಿನಲ್ಲೇ ಹೊರಬೀಳುವಂತಿದ್ದರೆ ಅವನ ಮುಂದೆ ಆ ಫ್ಲಶ್ ಡ್ರಾವನ್ನು ಫ್ಲಾಪ್‌ನಲ್ಲೇ ಬಿಡುವುದನ್ನು ನಾನು ಒಪ್ಪುತ್ತೇನೆ. ಮೊದಲ ಹಲವರಿಗೆ ಸಮನಾದ ಬಹುಮಾನ, ಅಂದರೆ ಮುಂದಿನ ದೊಡ್ಡ ಟೂರ್ನಮೆಂಟ್‌ನ ಪ್ರವೇಶ ಕೊಡುವ ಸ್ಯಾಟಲೈಟ್‌ಗಳಲ್ಲಂತೂ, ಪ್ರವೇಶ ಬಹುತೇಕ ಖಚಿತವಾಗಿದ್ದಾಗ ಹದಿನೈದು ಔಟ್ ಇದ್ದರೂ ಆಲ್-ಇನ್‌ಗೆ ಕಾಲ್ ಮಾಡದೆ ಎಲೆಗಳನ್ನು ಕೆಳಗಿಡಿ.